ಹಿತ್ತಲ ಪುಂಡಿ, ಒಳ್ಳೆಯ ನಡತೆ

ತಿಂಡಿಗೆ ಬಂದಿದ್ದ ಬದರೀನಾಥರು ಅಡುಗೆಮನೆಯ ಸಿಂಕಿನಲ್ಲೇ ಕೈ ತೊಳೆದಿದ್ದರೆ ಸಿದ್ದರಾಮಪ್ಪನ ಆ ಭಾನುವಾರ ಉಳಿದ ಭಾನುವಾರಗಳಂತೆಯೇ ನಿದ್ದೆಯಲ್ಲಿ ಕಳೆದುಹೋಗುತ್ತಿತ್ತು. ಆದರೆ ಸಿಂಕಿನ ತುಂಬ ಪಾತ್ರೆ ಬಿದ್ದಿದ್ದವು. ಉಪ್ಪಿಟ್ಟು ತಿಂದ ಕೈಯನ್ನು ಮುಂದೆ ಹಿಡಿದುಕೊಂಡು ಬದರೀನಾಥರು ಹಿತ್ತಲ ನಲ್ಲಿಗೆ ಹೋದರು. ಹೋದವರು ಕೈ ತೊಳೆಯದೆಯೇ ಓಡಿ ಬಂದರು.

“ಸಿದ್ದರಾಮಪ್ಪನವರೇ, ಮೊದಲು ಕರ್ಟನ್ ಎಳೀರಿ. ಹಿತ್ತಲಲ್ಲಿ ಏನ್ರೀ ಬೆಳೆದಿದೀರಿ?”

“ಪುಂಡಿ ರೀ. ಪುಂಡಿ ಪಲ್ಯ.”

“ಪುಂಡಿ ಅಲ್ಲ ಕಣ್ರೀ ಅದು. ಗಾಂಜಾ!”

ಸಿದ್ದರಾಮಪ್ಪನ ಕೈಯಲ್ಲಿದ್ದ ಕಪ್ಪಿನ ಚಹಾ ಬಸಿಗೆ ಚೆಲ್ಲಿತು, ಬಸಿಯಿಂದ ಪಂಚೆಗೆ ಚೆಲ್ಲಿತು.

ಬೇರೆ ಯಾರಾದರೂ ಹೇಳಿದ್ದರೆ ಅವನು ನಗುತ್ತಿದ್ದನೇನೋ. ಆದರೆ ಬದರೀನಾಥರು ಮೈಸೂರಿನವರು, ಪಿಎಚ್.ಡಿ. ಮಾಡಿದವರು, ಪ್ರಿನ್ಸ್‌ಟನ್ನಿನ ಔಷಧಿ ಕಂಪನಿಯೊಂದರಲ್ಲಿ ಕೆಮಿಸ್ಟ್. ೧೯೭೪ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಊರಿನ ಸುತ್ತಮುತ್ತ ಇದ್ದ ಏಳೆಂಟು ಕನ್ನಡ ಮನೆಗಳಲ್ಲಿ ಜ್ವರ, ಕಾರು, ಇನ್‌ಕಮ್ ಟ್ಯಾಕ್ಸು ಎಲ್ಲಕ್ಕೂ ಅವರದೇ ಕೊನೆಯ ಮಾತು. ಸಿದ್ದರಾಮಪ್ಪನೋ ಮುದ್ದೇಬಿಹಾಳದ ಕಡೆಯ ರೈತರ ಮಗ. ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮಾಡಿ ಪಂಪಿನ ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ತಾನೇ ಎಳೆದ ಗೆರೆಯನ್ನು ಮೂರು ಸಲ ಅಳೆದು, ಮೂರೂ ಸಲ ಒಂದೇ ಅಳತೆ ಬಂದರೆ ಸ್ಕೇಲಿನ ಮೇಲೇ ಅನುಮಾನಪಡುವ ಮನುಷ್ಯ.

ಅದಕ್ಕಿಂತ ದೊಡ್ಡ ಸಂಕಟವೆಂದರೆ ಮರುದಿನ ಬೆಳಿಗ್ಗೆ ಹತ್ತಕ್ಕೆ ನ್ಯೂಆರ್ಕ್‌ನಲ್ಲಿ ಅವನ ಗ್ರೀನ್ ಕಾರ್ಡ್ ಇಂಟರ್‌ವ್ಯೂ ಇತ್ತು. ‘ನಿಮ್ಮ ನಡತೆ ಒಳ್ಳೆಯದು ಅಂತ ಇಲ್ಲಿಯವರು ಯಾರಾದರೂ ಒಂದು ಪತ್ರ ಕೊಟ್ಟರೆ ಕೆಲಸ ಸಲೀಸು’ ಎಂದು ವಕೀಲರು ಹೇಳಿದ್ದರು. ಪತ್ರ ಕೊಡಲು ಒಪ್ಪಿದ್ದವರು ಅವನ ಬಾಡಿಗೆ ಮನೆಯ ಮಹಡಿಯಲ್ಲೇ ಇದ್ದ ಒಡತಿ ಮಿಸೆಸ್ ಗ್ರೂಬರ್. ಎಪ್ಪತ್ತೊಂದು ವರ್ಷ, ಚರ್ಚಿನಲ್ಲಿ ಹಾಡುವಾಕೆ. ಸಿದ್ದರಾಮಪ್ಪನ ಹೆಂಡತಿ ಕಮಲವ್ವ ಮೊದಲ ಸಲ ಊದುಬತ್ತಿ ಹಚ್ಚಿದಾಗ ಬೆಂಕಿ ಬಿತ್ತೆಂದು ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡು ಕೆಳಗಿಳಿದಿದ್ದರು. ಈಗ ಚರ್ಚಿನ ಪಿಕ್‌ನಿಕ್ಕಿಗೆ ಹೋಗಿದ್ದರು. ನಾಲ್ಕು ಗಂಟೆಗೆ ಪತ್ರದೊಂದಿಗೆ ಬರುವವರಿದ್ದರು.

“ಗರಗಸದ ಹಾಗೆ ಅಂಚು. ಹಸ್ತದ ಹಾಗೆ ಎಲೆ,” ಬದರೀನಾಥರು ಪಿಸುಗುಟ್ಟಿದರು. “ಕ್ಯಾನಬಿಸ್ ಸಟೈವಾ. ಆ ಎತ್ತರ ನೋಡಿದ್ರೆ ಹೈಬ್ರಿಡ್ಡೇ ಇರಬೇಕು.”

ಹೈಬ್ರಿಡ್ ಎಂಬ ಮಾತು ಕೇಳಿ ಸಿದ್ದರಾಮಪ್ಪನಿಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು. ಅವನ ಊರಿನಲ್ಲಿ ಹೈಬ್ರಿಡ್ ಜೋಳ ಬಿತ್ತಿದವನನ್ನು ಜನ ಎದ್ದು ನಿಂತು ಮಾತಾಡಿಸುತ್ತಿದ್ದರು. ಮರುಗಳಿಗೆಯೇ ಹೆದರಿಕೆ ಬಂತು.

ಅಡುಗೆಮನೆಯಿಂದ ಕಮಲವ್ವ ಲಟ್ಟಣಿಗೆ ಸಮೇತ ಬಂದಳು. “ಏನಂದ್ರಿ? ನಮ್ಮವ್ವ ಸೆರಗಿನಾಗ ಬೀಜ ಕಟ್ಟಿ ಕೊಟ್ಟಾಳ. ನಮ್ಮವ್ವ ಗಾಂಜಾ ಕೊಡ್ತಾಳೇನ್ರಿ? ಹ್ವಾದ ಐತವಾರ ಇವರ ಮೂರು ರೊಟ್ಟಿ ಜೋಡಿ ಬಡದಾರ ಇದ ಪಲ್ಯಾನ!”

“ತಿಂದ ಮ್ಯಾಲೆ ಎರಡು ತಾಸು ಎಚ್ಚರ ಇರಲಿಲ್ಲಲ್ಲ ನನಗ,” ಎಂದ ಸಿದ್ದರಾಮಪ್ಪ, ತನ್ನ ಮೇಲೆಯೇ ಸಾಕ್ಷಿ ಹೇಳುವವನಂತೆ.

“ಸಿಂಪ್ಟಮ್!” ಎಂದರು ಬದರೀನಾಥರು.

“ಯಾ ಸಿಂಪ್ಟಮ್ಮೂ ಅಲ್ಲ. ಮದಿವ್ಯಾದಾಗಿಂದ ಪ್ರತಿ ಐತವಾರ ಹಂಗ ಬೀಳತಾರ.”

“ನೋಡೀಮ್ಮಾ, ಪುಂಡಿ ಅಂದ್ರೆ ಗೋಂಗೂರ. ಅದನ್ನ ನಾನೂ ಹೈದರಾಬಾದಲ್ಲಿ ತಿಂದಿದೀನಿ. ಅದು ಹೀಗಿರಲಿಲ್ಲ.”

“ಉಪ್ಪಿನಕಾಯಿ ತಿಂದೀರಿ. ಜಾಡಿ ಒಳಗ ಗಿಡ ಕಾಣತದೇನ್ರಿ?”

ಸಿದ್ದರಾಮಪ್ಪ ಆಗಲೇ ಹಿತ್ತಲಿಗೆ ಹೋಗಿದ್ದ. ಬೀಜ ಕೊಟ್ಟವಳು ಅತ್ತೆಯೇ ಸರಿ. ಆದರೆ ಅತ್ತೆಗೆ ಬೀಜ ಕೊಟ್ಟವರು ಯಾರು? ಈ ಅನುಮಾನ ಒಮ್ಮೆ ತಲೆಗೆ ಹೊಕ್ಕ ಮೇಲೆ ಹೊರಗೆ ಬರಲೇ ಇಲ್ಲ.

ಹಿತ್ತಲಲ್ಲಿ ಎರಡು ಸಾಲು ಗಿಡಗಳಿದ್ದವು. ಮುಂದಿನ ಸಾಲನ್ನು ಕಮಲವ್ವ ವಾರ ವಾರ ಚಿವುಟುತ್ತಿದ್ದಳು. ಗರಾಜಿನ ಗೋಡೆಗೆ ಒತ್ತಿಕೊಂಡಿದ್ದ ಹಿಂದಿನ ಸಾಲನ್ನು, ಬಿತ್ತುವಾಗ ಚೆಲ್ಲಿದ ಬೀಜವೇ ಎದ್ದಿತೆಂದುಕೊಂಡು, ಬೀಜಕ್ಕೆಂದು ಬಿಟ್ಟಿದ್ದಳು. ಅದು ಆಳೆತ್ತರ ಬೆಳೆದು ನಿಂತಿತ್ತು. ಇಬ್ಬರೂ ಗಂಡಸರು ಎರಡೂ ಸಾಲನ್ನು ಕಿತ್ತು ಗುಡ್ಡೆ ಹಾಕಿದರು. ಸಿದ್ದರಾಮಪ್ಪ ಕಡ್ಡಿ ಗೀರಿದ. ಬದರೀನಾಥರು ಹಾರಿ ಬಂದು ಊದಿ ಆರಿಸಿದರು.

“ತಲೆ ಕೆಟ್ಟಿದೆಯೇನ್ರೀ? ಇದರ ಹೊಗೆ ಹೋದ್ರೆ ಇಡೀ ಬೀದಿ ಕೂತು ಭಜನೆ ಮಾಡುತ್ತೆ!”

ಅಷ್ಟರಲ್ಲಿ ಬೇಲಿಯ ಮೇಲೆ ಪಕ್ಕದ ಮನೆಯ ಮುದುಕ ಪೆಟ್ರಿಲ್ಲೊನ ತಲೆ ಮೂಡಿತು. “ಸಿಡ್! ಸ್ಕಂಕ್ ಸಿಕ್ಕಿತೇ?”

ಎರಡು ವಾರದಿಂದ ಆ ಹಿತ್ತಲುಗಳಲ್ಲಿ ಗಬ್ಬು ವಾಸನೆ ಎದ್ದಿತ್ತು. ಸ್ಕಂಕ್ ಎಂಬ ಪ್ರಾಣಿಯದೇ ಕೆಲಸವೆಂದು ಪೆಟ್ರಿಲ್ಲೊ ಬೋನು ಇಟ್ಟು, ಎರಡು ಸಲ ತನ್ನದೇ ಬೆಕ್ಕನ್ನು ಹಿಡಿದಿದ್ದ.

“ಇನ್ನೂ ಹುಡುಕುತ್ತಿದ್ದೇವೆ!” ಎಂದು ಕೂಗಿ ಸಿದ್ದರಾಮಪ್ಪ ಒಣಹಾಕಿದ್ದ ಹಾಸಿಗೆಯ ಬಿಳಿ ಚಾದರವನ್ನು ಗುಡ್ಡೆಯ ಮೇಲೆ ಎಳೆದ.

ಆ ಚಾದರದಲ್ಲೇ ಗಿಡಗಳನ್ನು ಸುತ್ತಿ, ಮೂರು ಕಡೆ ಹಗ್ಗ ಬಿಗಿದು, ತಲೆಯ ಕಡೆ ಒಬ್ಬರು ಕಾಲಿನ ಕಡೆ ಒಬ್ಬರು ಹಿಡಿದು ಕಾರಿನ ಡಿಕ್ಕಿಗೆ ತುಂಬಿದರು. ಅರ್ಧ ಹೊರಗೇ ಚಾಚಿಕೊಂಡಿತ್ತು. ಹೊತ್ತವರ ಮುಖದಲ್ಲಿ ಸ್ಮಶಾನದ ಕಳೆಯಿತ್ತು. ಕಮಲವ್ವ ಹಿಂದಿನ ಸೀಟಿನಲ್ಲಿ ಹೋಗಿ ಕೂತಳು. “ನನ್ನ ಪಲ್ಯ ಎಲ್ಲಿಗೆ ಹೋಗತದೋ ನಾನೂ ಅಲ್ಲಿಗೇ ಬರಾಕಿ.”

ಅಂಗಡಿಯೊಂದರ ಹಿಂದಿನ ಕಸದ ತೊಟ್ಟಿಯ ಬಳಿ ಕಾರು ನಿಲ್ಲಿಸಿದರೆ, ಅಲ್ಲಿದ್ದ ಇಬ್ಬರು ಹೆಂಗಸರು ಚಾದರವನ್ನು ನೋಡಿ ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ಸಿದ್ದರಾಮಪ್ಪ ಇಳಿಯಲೇ ಇಲ್ಲ. ಅಲ್ಲಿಂದ ಅರ್ಧ ಮೈಲಿ ಹೋಗುವಷ್ಟರಲ್ಲಿ ಹಿಂದೆ ಕೆಂಪು ದೀಪ ತಿರುಗತೊಡಗಿತು.

ಪೊಲೀಸಿನವನ ಎದೆಯ ಮೇಲೆ ನೋವಾಕ್ ಎಂದು ಬರೆದಿತ್ತು. “ಡಿಕ್ಕಿಯಲ್ಲಿ ಏನಿದೆ?”

“ಹೆಣ ಅಲ್ಲ ಸರ್!” ಎಂದ ಸಿದ್ದರಾಮಪ್ಪ.

ಹೆಣದ ಮಾತನ್ನು ನೋವಾಕ್ ಎತ್ತಿರಲಿಲ್ಲ. ಈಗ ಅವನ ಕೈ ಸೊಂಟದ ಕಡೆಗೆ ಹೋಯಿತು. ಬದರೀನಾಥರು ತಾವು ಬರೀ ಲಿಫ್ಟ್ ತೆಗೆದುಕೊಂಡವರೆಂದು ವಿವರಿಸತೊಡಗಿದರು. ಕಮಲವ್ವ ಯಾರನ್ನೂ ಕೇಳಲಿಲ್ಲ. ಇಳಿದು ಬಂದು ಹಗ್ಗ ಬಿಚ್ಚಿದಳು, ಮುಂದಿನ ಸಾಲಿನ ಗಿಡದಿಂದ ನಾಲ್ಕು ಎಲೆ ಕಿತ್ತಳು, ಎರಡನ್ನು ಕಚಕಚ ಅಗಿದಳು, ಇನ್ನೆರಡನ್ನು ಪೊಲೀಸಿನವನ ಮೂಗಿನ ಮುಂದೆ ಹಿಡಿದಳು.

“ತಿನ್ನಪಾ. ಈಟ್!”

ಅವಳು ಹೇಳಿದ ರೀತಿಗೆ ನೋವಾಕ್ ಬಾಯಿ ತೆರೆದ. ಅಗಿದ. ಅವನ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. ಆಮೇಲೆ ನಿಧಾನವಾಗಿ ಅರಳಿತು.

“ಹುಳಿ! ಪೋಲೆಂಡಿನ ನಮ್ಮಜ್ಜಿ ಹುಳಿಸೊಪ್ಪಿನ ಸೂಪು ಮಾಡುತ್ತಿದ್ದಳು. ಇಪ್ಪತ್ತು ವರ್ಷವಾಯಿತು ಈ ರುಚಿ ನೋಡಿ!”

ಅಜ್ಜಿಯ ಹೆಸರು ಕೇಳಿ ಕಮಲವ್ವ ಕರಗಿದಳು. ಎಳೆಯ ಸೊಪ್ಪಿನ ಮುಂದಿನ ಸಾಲನ್ನು ತನಗೆ ಉಳಿಸಿಕೊಂಡು, ಬಲಿತ ಹಿಂದಿನ ಸಾಲನ್ನು ಇಡಿಯಾಗಿ ಅವನ ಕಾರಿಗೆ ಹಾಕಿಸಿದಳು. “ನಿಮ್ಮವ್ವಗ ಸೂಪು ಮಾಡ್ಲಿಕ್ಕೆ ಹೇಳಪಾ.” ನೋವಾಕ್ ಒಮ್ಮೆ ಮೂಸಿ ಮೂಗು ಮುರಿದ. “ಇದು ಸ್ಕಂಕ್ ನಾರುತ್ತದಲ್ಲ?”

“ನಮ್ಮ ಹಿತ್ತಲಲ್ಲಿ ಸ್ಕಂಕ್ ಇದೆ ಸರ್. ಪಕ್ಕದ ಮನೆಯವರನ್ನು ಬೇಕಾದರೆ ಕೇಳಿ,” ಎಂದ ಸಿದ್ದರಾಮಪ್ಪ. ಆ ದಿನ ಅವನು ಅನುಮಾನವಿಲ್ಲದೆ ಆಡಿದ ಮೊದಲ ಮಾತು ಅದು.

ಮನೆಗೆ ಬಂದು ಮೂವರೂ ಪುಂಡಿ ಪಲ್ಯ, ಜೋಳದ ರೊಟ್ಟಿಗೆ ಕೂತರು. ಸಿದ್ದರಾಮಪ್ಪನ ಮೈ ಹತ್ತಿಯಷ್ಟು ಹಗುರವಾಗಿತ್ತು.

“ಎರಡೂ ನೋಡೋಕೆ ಅವಳಿ-ಜವಳಿ ಕಣ್ರೀ,” ಬದರೀನಾಥರು ಮೂರನೇ ರೊಟ್ಟಿ ಮುರಿಯುತ್ತ ಹೇಳಿದರು. “ಸೈನ್ಸಲ್ಲಿ ಒಂದೊಂದು ಸಲ ಹೀಗಾಗುತ್ತೆ.”

“ಸೈನ್ಸಿಗೆ ಇನ್ನೊಂದಿಷ್ಟು ಪಲ್ಯ ಹಾಕ್ಲೇನ್ರಿ?” ಎಂದಳು ಕಮಲವ್ವ.

ಸರಿಯಾಗಿ ನಾಲ್ಕಕ್ಕೆ ಮಿಸೆಸ್ ಗ್ರೂಬರ್ ಬಂದರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಲಕೋಟೆ. ಸಿದ್ದರಾಮಪ್ಪ ಕುರ್ಚಿ ಎಳೆದ. ಅವರು ಕೂರಲಿಲ್ಲ. ಕಿಟಕಿಯಿಂದ ಹಿತ್ತಲನ್ನೇ ನೋಡುತ್ತ ನಿಂತರು.

“ನನ್ನ ಗಿಡಗಳೆಲ್ಲಿ?”

“ಅವು ನಮ್ಮ ತರಕಾರಿ, ಮೇಡಂ…”

“ಮುಂದಿನ ಸಾಲು ನಿಮ್ಮದು. ಹಿಂದಿನ ಸಾಲು ನನ್ನದು.”

ಬದರೀನಾಥರ ಕೈಯಲ್ಲಿದ್ದ ತುತ್ತು ಬಾಯಿಗೂ ತಾಟಿಗೂ ನಡುವೆ ನಿಂತಿತು.

ಮಿಸೆಸ್ ಗ್ರೂಬರ್ ದನಿ ತಗ್ಗಿಸದೆಯೇ ಹೇಳಿದರು. ಮಂಡಿನೋವಿಗೆ ಡಾಕ್ಟರ ಮಾತ್ರೆ ತಿಂದರೆ ಚರ್ಚಿನಲ್ಲಿ ಹಾಡಿನ ನಡುವೆಯೇ ನಿದ್ದೆ ಬರುತ್ತಿತ್ತು. ಕ್ಯಾಲಿಫೋರ್ನಿಯಾದ ಗೆಳತಿಯೊಬ್ಬಳು ಬೀಜ ಕಳಿಸಿದಳು, ಎರಡು ಒಳ್ಳೆಯ ತಳಿ ಕೂಡಿಸಿದ ಬೀಜ. ಜೂನ್‌ನಲ್ಲಿ ಇವರು ನಯಾಗರಕ್ಕೆ ಹೋದಾಗ ಅದನ್ನು ಇವರ ಸಾಲಿನ ಹಿಂದೆ ಊರಿದರು.

“ನಿಮ್ಮದೂ ನನ್ನದೂ ಎಲೆ ಒಂದೇ ಥರ. ಅಲ್ಲದೆ ಇಡೀ ನ್ಯೂಜೆರ್ಸಿಯಲ್ಲಿ ನಿನ್ನಷ್ಟು ಕಾನೂನಿಗೆ ಹೆದರುವವನನ್ನು ನಾನು ಕಂಡಿಲ್ಲ. ನಿನ್ನ ಹಿತ್ತಲಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ?”

“ನಾನು ಹೇಳಲಿಲ್ವಾ! ಹೈಬ್ರಿಡ್ ಸಟೈವಾ!” ಬದರೀನಾಥರು ಗೆದ್ದವರಂತೆ ಎದ್ದು ನಿಂತರು. ಆಮೇಲೆ ತಮ್ಮ ತಾಟನ್ನು ನೋಡಿ ಕೂತರು.

“ನೀವು ತಿಂದದ್ದು ಪುಂಡೀನ. ಹೆದರಬ್ಯಾಡ್ರಿ,” ಎಂದಳು ಕಮಲವ್ವ.

“ಹಾಗಾದರೆ ನನ್ನ ಬೆಳೆ ಎಲ್ಲಿ?”

ಸಿದ್ದರಾಮಪ್ಪ ಲಕೋಟೆಯ ಕಡೆ ನೋಡಿದ. “ಪೊಲೀಸರ ಕಾರಿನಲ್ಲಿದೆ, ಮೇಡಂ.”

ಮಿಸೆಸ್ ಗ್ರೂಬರ್ ಈಗ ಕೂತರು. ವಿಷಯವನ್ನೆಲ್ಲ ಕೇಳಿದರು. ಸೂಪಿನಲ್ಲಿ ಕುದಿಸಿದರೆ ಹೆಚ್ಚೇನೂ ಆಗುವುದಿಲ್ಲವೆಂದು ಬದರೀನಾಥರು ತಮ್ಮ ಪಿಎಚ್.ಡಿ.ಯ ಆಣೆ ಹಾಕಿದರು. ನೋವಾಕನ ತಾಯಿ ಚರ್ಚಿನಲ್ಲಿ ತಮ್ಮ ಪಕ್ಕದಲ್ಲೇ ನಿಂತು ಹಾಡುವಾಕೆಯೆಂದೂ, ಆಕೆಯ ಸ್ವರ ಸ್ವಲ್ಪ ಸುಧಾರಿಸಿದರೆ ಒಳ್ಳೆಯದೇ ಎಂದೂ ಮಿಸೆಸ್ ಗ್ರೂಬರ್ ಹೇಳಿದರು. ಆಮೇಲೆ ಲಕೋಟೆ ಒಡೆದರು. ಪತ್ರ ಟೈಪಾಗಿತ್ತು, ಸಹಿಯೊಂದು ಬಾಕಿ.

“‘ಈತ ಇನ್ನೊಬ್ಬರ ವಸ್ತುವನ್ನು ಮುಟ್ಟಿದವನಲ್ಲ’ ಎಂದು ಬರೆದಿದ್ದೇನೆ. ಈಗ ಇದಕ್ಕೆ ಹೇಗೆ ಸಹಿ ಹಾಕಲಿ, ಸಿಡ್? ನಾನು ಸುಳ್ಳು ಹೇಳುವವಳಲ್ಲ.”

ಸಿದ್ದರಾಮಪ್ಪನಿಗೆ ನ್ಯೂಆರ್ಕ್ ಕಾಣಿಸಿತು, ಅದರ ಹಿಂದೆಯೇ ಊರಿಗೆ ಮರಳುವ ವಿಮಾನ ಕಾಣಿಸಿತು. “ಏನು ಬೇಕಾದರೂ ಮಾಡುತ್ತೇನೆ, ಮೇಡಂ.”

ಅವರು ಕೈಚೀಲದಿಂದ ಮಾತ್ರೆಯ ಸಣ್ಣ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಬೀಜಗಳಿದ್ದವು. “ಬೇಸ್‌ಮೆಂಟಿನಲ್ಲಿ ಟ್ಯೂಬ್‌ಲೈಟಿದೆ. ನೀನು ರೈತರ ಮಗ.”

“ಇದು ಕಾನೂನಿಗೆ ವಿರುದ್ಧ, ಮೇಡಂ!”

“ಅದಕ್ಕೇ ಒಳ್ಳೆಯ ನಡತೆಯವನು ಬೇಕು.”

ಅವನು ಹೆಂಡತಿಯ ಮುಖ ನೋಡಿದ. ಅವಳು ಬಾಟಲಿ ಎತ್ತಿ, ಬೀಜವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಎಷ್ಟು ಹೊತ್ತು ಬೆಳಕಿರಬೇಕೆಂದು ಬದರೀನಾಥರು ಆಗಲೇ ವಿವರಿಸತೊಡಗಿದ್ದರು. ಸಿದ್ದರಾಮಪ್ಪ ತಲೆಯಾಡಿಸಿದ. ಮಿಸೆಸ್ ಗ್ರೂಬರ್ ಸಹಿ ಹಾಕಿದರು.

ಒಂದೇ ಬೆಳೆ ತಾನೇ, ಎಂದು ಅವನು ಸಮಾಧಾನ ಮಾಡಿಕೊಂಡ. ಕಾರ್ಡ್ ಕೈಗೆ ಬರಲಿ, ಮನೆಯನ್ನೇ ಬದಲಾಯಿಸಿದರಾಯಿತು.

ಬಾಗಿಲ ಬಳಿ ಮಿಸೆಸ್ ಗ್ರೂಬರ್ ತಿರುಗಿ ನಿಂತರು. “ಅಂದಹಾಗೆ, ಸಿಟಿಜನ್ ಆಗುವಾಗ ಮತ್ತೊಂದು ಪತ್ರ ಬೇಕಾಗುತ್ತದೆ. ಐದು ವರ್ಷ ಒಂದೇ ಕಡೆ ಇದ್ದವನೆಂದು ನಾನೇ ಬರೆದುಕೊಡುತ್ತೇನೆ. ಚಿಂತೆ ಮಾಡಬೇಡ.”

ಊರುಗೋಲಿನ ಸದ್ದು ಮೆಟ್ಟಿಲು ಹತ್ತಿ ಹೋಯಿತು. ಸಿದ್ದರಾಮಪ್ಪ ಪತ್ರ ಹಿಡಿದುಕೊಂಡು ಕುರ್ಚಿಯಲ್ಲಿ ಕೂತ.

ಕಮಲವ್ವ ಬೆರಳು ಮಡಚಿ ಎಣಿಸುತ್ತಿದ್ದಳು. “ಬೇಸ್‌ಮೆಂಟಿನ್ಯಾಗ ಮಳಿ, ಚಳಿ ಯಾವ ಕಾಟನೂ ಇಲ್ಲ. ವರ್ಷಕ್ಕ ಮೂರು ಬೆಳಿ ಅಂದ್ರ ಐದು ವರ್ಷಕ್ಕ ಹದಿನೈದು ಆತ್ರಿ. ಏಳ್ರಿ, ಮಣ್ಣು ತರೋಣ.”