ಏಸಿ ತೊಳೆಯಲು ಹೋದಲ್ಲೆಲ್ಲ

ಬೈಲಹೊಂಗಲದ ಬಜಾರದಲ್ಲಿ ನನ್ನದೊಂದು ಸಣ್ಣ ರಿಪೇರಿ ಅಂಗಡಿ. ತೊಂಬತ್ತರ ದಶಕದಲ್ಲಿ ಫ್ರಿಜ್ಜಿಗೆ ಗ್ಯಾಸ್ ತುಂಬುವುದೇ ಕೆಲಸ. ಆಮೇಲೆ ಸುತ್ತಲಿನ ಊರುಗಳಲ್ಲಿ ಅಲ್ಲೊಂದು ಇಲ್ಲೊಂದು ಮನೆಗೆ ಏಸಿ ಬಂತು. ಬೇಸಿಗೆಗೆ ಮುಂಚೆ ಅವನ್ನು ಬಿಚ್ಚಿ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಯಂತ್ರ ಎಲ್ಲ ಕಡೆ ಒಂದೇ, ಮನೆಗಳು ಮಾತ್ರ ಬೇರೆ ಬೇರೆ. ಹೋದಲ್ಲೆಲ್ಲ ಏನಾದರೊಂದು ಆಗುತ್ತಿತ್ತು. ಮನೆಯವರ ಮುಂದೆ ನಗುವ ಹಾಗಿಲ್ಲ. ಬಸ್ ಹತ್ತಿದ ಮೇಲೆ ಒಬ್ಬನೇ ನಗುತ್ತಿದ್ದೆ, ಪಕ್ಕದವರು ಸರಿದು ಕೂಡುತ್ತಿದ್ದರು.

ಏಸಿಯ ಅಂಗಿ

ರಾಮದುರ್ಗದ ಬಟ್ಟೆ ವ್ಯಾಪಾರಿಯೊಬ್ಬರು ಫೋನ್ ಮಾಡಿ, ಹೊಸ ಏಸಿ ತಣ್ಣಗಾಗವಲ್ದು ಎಂದರು. ಹೋಗಿ ನೋಡಿದರೆ ಏಸಿಗೆ ಮೈತುಂಬ ಅಂಗಿ! ಅಂಚಿಗೆ ಝಾಲರು, ನಡುವೆ ಕಸೂತಿಯ ಗಿಳಿ. ಒಳಗೆ ಯಂತ್ರ ಉಸಿರು ಕಟ್ಟಿ ನರಳುತ್ತಿತ್ತು.

"ಅಕ್ಕಾರ, ಹಚ್ಚಿದಾಗರೆ ಇದನ್ನ ತಗೀಬೇಕ್ರಿ" ಎಂದು ವ್ಯಾಪಾರಿಯ ಹೆಂಡತಿಗೆ ಹೇಳಿದೆ.

"ತಗದ್ರ ಧೂಳ ಹೊಕ್ಕೋತೈತಲ್ರಿ! ಟಿವಿಗೂ ಹೊಲದೇನಿ, ಮಿಕ್ಸರಿಗೂ ಹೊಲದೇನಿ. ಅವು ಏನೂ ತಕರಾರ ಮಾಡಿಲ್ಲ."

ಧೂಳು ತೊಳೆಯುವುದಕ್ಕೇ ನಾನು ಇರುವುದು ಎಂದು ಹೇಳಿ, ಅಂಗಿ ತೆಗೆಸಿ, ಒಳಗಿನ ಧೂಳು ಹಿಡಿಯುವ ಜಾಲರಿ ತೊಳೆದು ಬಂದೆ. ಅವರ ಮುಖ ಸಪ್ಪಗಾಗಿತ್ತು. ಎಷ್ಟು ಮಧ್ಯಾಹ್ನ ಕೂತು ಹೊಲಿದಿದ್ದರೋ ಏನೋ.

ಮರುವರ್ಷ ಹೋದಾಗ ಅಂಗಿ ಮತ್ತೆ ಏಸಿಯ ಮೈಮೇಲಿತ್ತು. ಆದರೆ ಗಾಳಿ ಒಳಹೋಗುವ ಕಡೆ ಬಟ್ಟೆ ಕತ್ತರಿಸಿ ಬಿಟ್ಟಿದ್ದರು. ಹೊರಬರುವ ಕಡೆ ಗಿಳಿಯ ಬಾಯಿ ಅಗಲಿಸಿ, ಸುತ್ತ ಕೆಂಪು ದಾರದಲ್ಲಿ ಅಂಚು ಹೊಲಿದಿದ್ದರು. ಗಿಳಿಯ ಬಾಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಯಜಮಾನರು ಹೆಂಡತಿ ಒಳಗೆ ಹೋದದ್ದನ್ನು ನೋಡಿಕೊಂಡು ಮೆಲ್ಲಗೆ ಹೇಳಿದರು: "ನಮ್ಮ ಮನ್ಯಾಗ ತಣ್ಣಗ ಮಾತಾಡೂದು ಈ ಗಿಳಿ ಒಂದ ನೋಡ್ರಿ."

ಬಕೆಟ್ ತುಂಬಿದ ನೀರು

ಸುರೇಬಾನದಲ್ಲಿ ಕಬ್ಬು ಬೆಳೆಯುವ ದೊಡ್ಡ ಮನೆ. ಏಸಿಯ ನೀರು ಹೊರಹೋಗುವ ಪೈಪು ಬಿಚ್ಚುತ್ತಿದ್ದಾಗ ಆ ಮನೆಯ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದರು. ಪೈಪಿನ ಕೆಳಗೆ ಬಕೆಟ್ ತುಂಬಿ ನಿಂತಿತ್ತು.

"ತಮ್ಮಾ, ಖರೇ ಹೇಳು. ನನ್ನ ಮೊಮ್ಮಗ ಆ ಖೋಲ್ಯಾಗ ಮಲಗತಾನ. ಈ ನೀರು ಅವನ ಮೈಯಾಂದಲ್ಲ? ಹುಡುಗ ಎಷ್ಟು ಸೊರಗ್ಯಾನ ನೋಡು."

ಅಜ್ಜಿಯ ಕಣ್ಣಲ್ಲಿ ನೀರಿತ್ತು. ನಾನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಇದು ಗಾಳಿಯೊಳಗಿನ ನೀರು, ಯಂತ್ರ ಗಾಳಿಯನ್ನು ತಣ್ಣಗೆ ಮಾಡುವಾಗ ಇಳಿಯುತ್ತದೆ, ಮೊಮ್ಮಗನಿಗೆ ಏನೂ ಆಗುವುದಿಲ್ಲ ಎಂದು ತಿಳಿಸಿ ಹೇಳಿದೆ. ಅಜ್ಜಿ ಬಕೆಟ್ಟಿನ ನೀರಿಗೆ ಬೆರಳದ್ದಿ ನೋಡಿದರು.

"ಗಾಳ್ಯಾಗ ಇಷ್ಟು ನೀರ ಐತೇನು?"

"ಐತ್ರಿ ಅಮ್ಮಾರ."

"ಹಂಗಾರ ಇದನ್ನ ಮನ್ಯಾಗ ಯಾಕ ಕುಂದರಿಸೀರಿ? ಬಿಚ್ಚು. ಮ್ಯಾಲಿನ ಎರಿ ಹೊಲದಾಗ ಹಚ್ಚಿ ಹೋಗು."

ಕಿತ್ತೂರಿನ ಬಾಣಂತನ

ಕಿತ್ತೂರಿನ ನಿವೃತ್ತ ಹೆಡ್‌ಮಾಸ್ತರರ ಮನೆಯ ಕಿಟಕಿ ಏಸಿಯ ಹಿಂದೆ ಗುಬ್ಬಿ ಗೂಡು ಕಟ್ಟಿತ್ತು. ನಾನು ಸ್ಕ್ರೂ ಡ್ರೈವರ್ ತೆಗೆದದ್ದೇ ತಡ, ಅವರ ಹೆಂಡತಿ ಓಡಿಬಂದು ಕೈ ಹಿಡಿದರು: "ತತ್ತಿ ಇಟ್ಟೈತ್ರಿ!" ಸರಿ, ವಾಪಸು ಬಂದೆ. ಮತ್ತೊಮ್ಮೆ ಹೋದಾಗ "ಮರಿ ಆಗ್ಯಾವು, ಸಪ್ಪಳ ಮಾಡಬ್ಯಾಡ್ರಿ" ಎಂದು ಪಿಸುಗುಟ್ಟಿದರು. ಮಾಸ್ತರರು ಬನಿಯನ್ನಿನಲ್ಲಿ ಬೆವರು ಸುರಿಸುತ್ತ ಬೀಸಣಿಗೆ ಆಡಿಸುತ್ತಿದ್ದರು. "ಜಗಲಿ ಮ್ಯಾಲ ಮಲಗಾಕತ್ತೇನಿ. ಒಳಗ ಕೆಮ್ಮಿದ್ರ ಮರಿ ಅಂಜತಾವಂತ" ಎಂದರು.

ಮರಿಗಳು ಹಾರಿಹೋದ ಸುದ್ದಿ ಬಂದಾಗ ಮಳೆಗಾಲ ಶುರುವಾಗಿತ್ತು. ಮಳೆಯಲ್ಲೇ ಹೋಗಿ ಗೂಡು ಎತ್ತಿ ಕೊಟ್ಟು, ಎಲ್ಲ ತೊಳೆದು ಏಸಿ ಶುರು ಮಾಡಿದೆ. ಮಾಸ್ತರರು ಎರಡು ಕಂಬಳಿ ಹೊದ್ದು ಅದರ ಮುಂದೆ ಕೂತರು. ನಡುಗುತ್ತಿದ್ದರು.

"ಇವತ್ತ ಬ್ಯಾಡ ಬಿಡ್ರಿ ಸರ, ಥಂಡಿ ಐತಿ" ಎಂದೆ.

"ಇರ್ಲಿ ಬಿಡ್ರಿ. ಮುಂದಿನ ಗುಬ್ಬಿ ಬರೂದ್ರೊಳಗ ಅನುಭವಿಸಿಬಿಡತೇನಿ."

ನೋಡಲು ಬಂದವರು

ಸವದತ್ತಿಯ ಒಂದು ಮನೆಯಿಂದ ಹೆಣ್ಣುಮಗಳೊಬ್ಬರು ಫೋನ್ ಮಾಡಿ, ಮನೆಗೆ ಬೀಗರಾಗುವವರು ಬರುವವರಿದ್ದಾರೆ, ಏಸಿ ಕೆಟ್ಟಿದೆ, ಬೇಗ ಬನ್ನಿ ಎಂದರು. ಅವತ್ತು ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದೆ. ಅದೇ ತಪ್ಪಾಯಿತು. ಫೋನಿನ ವಿಷಯ ತಿಳಿಯದ ಯಜಮಾನರು ಬಾಗಿಲಲ್ಲೇ ಕೈಮುಗಿದರು. "ಬರ್ರಿ, ಬರ್ರಿ! ನಿಮ್ಮ ದಾರೀನ ಕಾಯಾಕತ್ತಿದ್ವಿ." ಕೂರಿಸಿ ಉಪ್ಪಿಟ್ಟು ಕೊಟ್ಟರು. ಒಳ್ಳೆಯ ಜನ ಎಂದುಕೊಂಡು ತಿಂದೆ.

"ಎಲ್ಲಿ ಐತ್ರಿ?" ಎಂದು ಕೇಳಿದೆ.

"ಒಳಗ ಐತ್ರಿ. ಈಗ ಬರತೈತಿ."

ಬಿಚ್ಚಿ ಇಟ್ಟಿರಬೇಕು, ತರುತ್ತಾರೆ ಎಂದುಕೊಂಡೆ. "ಸಪ್ಪಳ ಭಾಳ ಮಾಡತೈತೇನ್ರಿ?"

"ಛೇ ಛೇ! ಮನ್ಯಾಗ ಐತೋ ಇಲ್ಲೋ ಗೊತ್ತಾಗಂಗಿಲ್ಲ. ಭಾಳ ತಣ್ಣಂದ್ರಿ."

ತಣ್ಣಗಿದ್ದರೆ ನನ್ನನ್ನೇಕೆ ಕರೆಸಿದರು? "ನನಗಿಂತ ಮೊದಲ ಯಾರರೆ ನೋಡ್ಯಾರೇನ್ರಿ?"

ಅವರ ಮುಖ ಬಾಡಿತು. "ಹುಬ್ಬಳ್ಳಿಯವರು ಒಬ್ಬರು ನೋಡಿ ಹೋದ್ರು. ತಿಳಸ್ತೇವಿ ಅಂದವರು ಮತ್ತ ಈ ಕಡೆ ಬರಲೇ ಇಲ್ರಿ."

"ಅವರು ಹಂಗರಿ. ನೀವೇನೂ ಚಿಂತಿ ಮಾಡಬ್ಯಾಡ್ರಿ. ನಾ ಇವತ್ತ ಎಲ್ಲಾ ಸರಿ ಮಾಡೇ ಹೋಗತೇನಿ."

ಯಜಮಾನರ ಕಣ್ಣು ತುಂಬಿ ಬಂತು. ನನ್ನ ಎರಡೂ ಕೈ ಹಿಡಿದುಕೊಂಡರು. ಇನ್ನಷ್ಟು ಉಪ್ಪಿಟ್ಟು ಬಡಿಸಿ ಮತ್ತೆ ಕೈ ಹಿಡಿದುಕೊಂಡರು.

ಅಷ್ಟರಲ್ಲಿ ರೇಷ್ಮೆ ಸೀರೆ ಉಟ್ಟ ಹುಡುಗಿ ಚಹಾದ ತಾಟು ಹಿಡಿದು ಬಂದಳು. ತಲೆ ತಗ್ಗಿಸಿದ್ದರಿಂದ ಅವಳ ಕಣ್ಣಿಗೆ ಮೊದಲು ಬಿದ್ದದ್ದು ನನ್ನ ಕಾಲ ಬಳಿಯ ಚೀಲ, ಅದರಿಂದ ಇಣುಕುತ್ತಿದ್ದ, ನಟ್ಟು ಬಿಚ್ಚುವ ಪಾನಾ. ಅವಳು ತಾಟು ಕೆಳಗಿಟ್ಟು, ಸೆರಗು ಬಾಯಿಗೆ ಒತ್ತಿ ಹಿಡಿದು ನಗತೊಡಗಿದಳು.

"ಅಪ್ಪಾ, ಇವರು ಏಸಿ ನೋಡಾಕ ಬಂದಾರೋ!"

ಯಜಮಾನರು ನನ್ನ ಕೈ ಬಿಟ್ಟರು. ನಾನು ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿದೆ. ತಾಯಿ ಒಳಗಿಂದ ಓಡಿಬಂದು, "ನಾನ ಕರಿಸೇನಿ, ಹೇಳೂದ ಮರತೆ" ಎಂದು ಹಣೆ ಹಣೆ ಬಡಿದುಕೊಂಡರು. ನಾನು ಸ್ಟೂಲ್ ಹತ್ತಿ ಅವಸರದಿಂದ ಏಸಿ ಬಿಚ್ಚಿದೆ.

ಆಗಲೇ ಬಾಗಿಲಲ್ಲಿ ಇಸ್ತ್ರಿ ಅಂಗಿಯ ಹಿರಿಯರೊಬ್ಬರು ಬಂದು ನಿಂತರು, ಕೈಯಲ್ಲಿ ಒಂದು ಚೀಲ. ಯಜಮಾನರು ಅವರನ್ನು ನೋಡಿದರು, ಚೀಲ ನೋಡಿದರು, ಸ್ಟೂಲ್ ಮೇಲಿದ್ದ ನನ್ನನ್ನು ನೋಡಿದರು. ಬರ್ರಿ ಎನ್ನಲು ಧೈರ್ಯ ಸಾಲದೆ, ಬಾಗಿಲಿಗೆ ಅಡ್ಡ ನಿಂತು ಕೈಮುಗಿದು ಕೇಳಿದರು:

"ತಪ್ಪ ತಿಳ್ಕೋಬ್ಯಾಡ್ರಿ… ನೀವು ಯಾವುದನ್ನ ನೋಡಾಕ ಬಂದೀರಿ?"