ಐಹೊಳೆಯಿಂದ ಬಂದ ಬಚ್ಚಲ ಒಲೆ

ಕೆಲವರಿಗೆ ಹುಟ್ಟಿನಿಂದಲೇ ಕೂತಲ್ಲಿ ಕೂಡುವ ಯೋಗವಿರುವುದಿಲ್ಲ. ಅಂಥವರಲ್ಲಿ ನಾನೊಬ್ಬ. ಯಾವುದಾದರೊಂದು ವಸ್ತು ತನ್ನಷ್ಟಕ್ಕೆ ತಾನು ಸರಿಯಾಗಿ ನಡೆಯುತ್ತಿದ್ದರೆ, ಇನ್ನೂ ಸ್ವಲ್ಪ ಚೆನ್ನಾಗಿ ಏಕೆ ನಡೆಯಬಾರದು ಎಂದು ನನ್ನ ಕೈ ಕಡಿಯತೊಡಗುತ್ತದೆ. ನಮ್ಮೂರು ಹುನಗುಂದದ ಕನ್ನಡ ಸಾಲೆಗೆ ಮಾಸ್ತರನಾಗಿ ಸೇರಿದ ವರ್ಷವೇ ಅಲ್ಲಿಯ ಗೋಡೆ ಗಡಿಯಾರ ಒಂದೆರಡು ನಿಮಿಷ ಹಿಂದೆ ಬೀಳುತ್ತಿದೆಯೆಂದು ಬಿಚ್ಚಿದೆ. ಅಂದಿನಿಂದ ಸಾಲೆ ಬಿಡುವ ಹೊತ್ತನ್ನು ಬೇವಿನ ಮರದ ನೆರಳು ನೋಡಿ ತಿಳಿಯುತ್ತೇವೆ. ನೆರಳಿಗೆ ಕೀಲಿ ಕೊಡುವ ಕೆಲಸವಿಲ್ಲ, ಅದೊಂದು ಅನುಕೂಲ. ವಿಜಾಪುರದಿಂದ ಕುದುರೆಯೇರಿ ತನಿಖೆಗೆ ಬರುವ ಸಾಹೇಬರಿಗೆ ಮಾತ್ರ ಇದು ಇನ್ನೂ ಮನವರಿಕೆಯಾಗಿಲ್ಲ.

ಈ ಚಾಳಿ ಸಾಲೆಯಲ್ಲೇ ಇದ್ದಿದ್ದರೆ ಚೆನ್ನಾಗಿತ್ತು. ಹಿರಿಯ ಮಗಳು ನೀಲವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು ನೋಡಿ, ಆಗ ಬಚ್ಚಲಿಗೂ ಹೊಕ್ಕಿತು. ನಮ್ಮ ಬೀಗರು ಇಳಕಲ್ಲಿನ ಸೀರೆ ವ್ಯಾಪಾರಸ್ಥರು. ತವರಿನವರು ಸೊಸೆಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡರೆಂಬುದನ್ನು ಬಾಣಂತಿಗೆ ಹಾಕಿದ ನೀರಿನ ಬಿಸಿಯಿಂದಲೇ ಅಳೆಯುವ ಜನ. ನಮ್ಮ ಬಚ್ಚಲದಲ್ಲಿದ್ದದ್ದೋ ನಮ್ಮವ್ವ ತನ್ನ ಕೈಯಾರೆ ಹಾಕಿದ ಮಣ್ಣಿನ ಒಲೆ. ಮೈತುಂಬ ಬಿರುಕು, ಒಂದು ಮಗ್ಗುಲಿಗೆ ವಾಲಿತ್ತು. ಅದರ ಮೇಲಿನ ಹಂಡೆಯಲ್ಲಿ ನೀರು ಕುದಿಯುತ್ತಿತ್ತೆಂಬುದು ಖರೆ. ಆದರೆ ನೋಡಲು ಏನೂ ಲಕ್ಷಣವಿರಲಿಲ್ಲ. ಬೀಗರು ನೋಡಿದರೆ ಏನಂದಾರು?

ಹಿಂದೊಮ್ಮೆ ವೈಶಾಖದಲ್ಲಿ ಐಹೊಳೆಗೆ ಮದುವೆಗೆಂದು ಹೋದವನು ಊಟವಾದ ಮೇಲೆ ಅಲ್ಲಿಯ ಹಳೆಯ ಗುಡಿಯೊಂದರಲ್ಲಿ ಅಡ್ಡಾಗಿದ್ದೆ. ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಶಲ್ಯ ಹೊದ್ದುಕೊಳ್ಳುವಷ್ಟು ತಂಪು. ಕಲ್ಲಿನ ಕೆಲಸವೆಂದರೆ ಇದು ಎಂದುಕೊಂಡು ಎದ್ದು ಬಂದಿದ್ದೆ. ಅದೇ ಊರಿನ ಕಲ್ಲುಕುಟಿಗನನ್ನು ಈಗ ಕರೆಸಿದೆ. ಆತ ಹಳೆಯ ಒಲೆ ಕೆಡವಿ, ಕೆಂಪು ಕಲ್ಲಿನಲ್ಲಿ ನಾಲ್ಕು ಗಿಡ್ಡ ಕಂಬ, ಮೇಲೆ ದಪ್ಪ ಚಪ್ಪಡಿ, ಬಾಯಿಯ ಸುತ್ತ ಹೂಬಳ್ಳಿ ಕಡಿದು ಒಲೆ ಕೂಡಿಸಿದ. "ಒಳಗ ಮಣ್ಣು ಮೆತ್ತೂದು ಬ್ಯಾಡೇನ್ರಿ ಮಾಸ್ತರ?" ಎಂದು ಕೇಳಿದ ಪುಣ್ಯಾತ್ಮ. ಇಷ್ಟು ಚಂದದ ಕಲ್ಲಿಗೆ ಮಣ್ಣು ಮೆತ್ತುವುದೇ ಎಂದು ಅವನನ್ನೇ ಬೈದೆ. ನಮ್ಮಾಕೆ ಒಲೆಯನ್ನು ಒಮ್ಮೆ ಸುತ್ತುಹಾಕಿ ನೋಡಿ, "ಭಾಳ ಛಂದ ಆಗೇತ್ರಿ" ಎಂದಳು. ಮದುವೆಯಾದಂದಿನಿಂದ ನನ್ನ ಯಾವ ಕೆಲಸವನ್ನೂ ಇಷ್ಟು ಸುಲಭವಾಗಿ ಹೊಗಳಿದವಳಲ್ಲ. ನಾನು ಅಲ್ಲಿಯೇ ಎಚ್ಚರಾಗಬೇಕಿತ್ತು.

ನೀಲವ್ವನಿಗೆ ಗಂಡು ಕೂಸು ಹುಟ್ಟಿತು. ಹೆರಿಗೆ ಮಾಡಿಸಿದ ಹುಸೇನಬಿಯೇ ಬಾಣಂತಿಗೆ ನೀರು ಹಾಕುವವಳು. ಓಣಿಯ ಅರ್ಧ ಜನ ಆಕೆಯ ಕೈಯಲ್ಲಿ ಹುಟ್ಟಿದವರು, ನಾನೂ ಸೇರಿ. ಹೀಗಾಗಿ ಆಕೆಗೆ ಯಾರ ಮುಲಾಜೂ ಇಲ್ಲ. ಮೊದಲ ದಿನವೇ ಹಂಡೆಯಲ್ಲಿ ಕೈಯದ್ದಿ, "ಮಾಸ್ತರ್ರ, ಇದು ಬಾಣಂತಿ ನೀರೋ, ಎಮ್ಮಿ ಮೈ ತೊಳಿಯೂ ನೀರೋ?" ಎಂದು ಒದರಿದಳು.

ಅಲ್ಲಿಂದ ನನ್ನ ಓಡಾಟ ಸುರುವಾಯಿತು. ಕಟ್ಟಿಗೆಯೇ ಹಸಿಯಾಗಿದ್ದೀತೆಂದು ಹತ್ತಿಕಟ್ಟಿಗೆ ಬಿಡಿಸಿ ಜಾಲಿ ತರಿಸಿದೆ. ಜಾಲಿ ಸಾಲದೆಂದು ಸಗಣಿಯ ಕುಳ್ಳು ಒಟ್ಟಿಸಿದೆ. ಹಂಡೆಯ ತಳದ ಮಸಿ ಕೆರೆದೆ, ಒಳಗೆ ಕಟ್ಟಿದ ಸವುಳು ನೀರಿನ ಸುಣ್ಣ ಕೆರೆದೆ. ಕಂಚಗಾರ ಬಂದು ಹಂಡೆಯನ್ನು ಬಡಿದು ನೋಡಿ, "ಗಂಟಿ ಹಂಗ ನುಡೀತೈತಿ, ಏನೂ ದೋಷಿಲ್ಲ" ಎಂದು ಹೇಳಿ ಹೋದ. ಗಾಳಿ ಬರಲೆಂದು ಬಚ್ಚಲದ ಗೋಡೆಗೊಂದು ಕಿಂಡಿ ಕೊರೆದೆ. ಗಾಳಿ ಬಂತು, ಹೊಗೆಯೆಲ್ಲ ಪಡಸಾಲೆಗೆ ಹೋಯಿತು. ಸಾಲೆಯಲ್ಲಿ ಮಗ್ಗಿ ಹೇಳಿಸುವಾಗಲೂ ತಲೆಯಲ್ಲಿ ಅದೇ. ಹುಡುಗರು ಹದಿಮೂರರ ಮಗ್ಗಿಯನ್ನು ತಪ್ಪುತಪ್ಪಾಗಿ ಒಪ್ಪಿಸಿದರೂ "ಶಾಬಾಸ್" ಎಂದೆನಂತೆ. ಕೂಸು ಒಮ್ಮೆ ಸೀನಿದರೆ ಎದ್ದು ಹೋಗಿ ಒಲೆಗೆ ಇನ್ನೊಂದು ಕುಳ್ಳು ಒಟ್ಟುತ್ತಿದ್ದೆ. ಮಗಳಿಗೆ ಬಾಣಂತನದಲ್ಲಿ ಥಂಡಿ ಹೊಕ್ಕರೆ ಜನ್ಮವಿಡೀ ಸೊಂಟ ನೋವು ಬಿಡುವುದಿಲ್ಲ ಎಂದು ಕೇಳಿದ್ದೆ. ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ? ಕಟ್ಟಿಗೆ, ಹಂಡೆ, ನೀರು, ಗಾಳಿ ಎಲ್ಲವನ್ನೂ ಸಂಶಯಿಸಿದೆ. ಒಲೆಯೊಂದನ್ನು ಬಿಟ್ಟು.

ಆರನೆಯ ದಿನ ಇನ್ನಷ್ಟು ಕುಳ್ಳು ತರಲು ಹಿತ್ತಲಕ್ಕೆ ಹೋದೆ. ಬಣವೆಯ ಮರೆಯಲ್ಲಿ ಹೊಗೆ ಏಳುತ್ತಿತ್ತು. ನೋಡಿದರೆ ಮೂರು ಗುಂಡು ಕಲ್ಲು, ಮೇಲೊಂದು ದೊಡ್ಡ ಮಣ್ಣಿನ ಗಡಿಗೆ, ಅದರಲ್ಲಿ ಕೊತಕೊತ ಕುದಿಯುವ ನೀರು. ಪಕ್ಕದಲ್ಲಿ ಕೂತಿದ್ದ ಹುಸೇನಬಿ ನನ್ನನ್ನು ಕಂಡು ಎದ್ದೇಳಲೂ ಇಲ್ಲ.

"ಎರಡನೇ ದಿನದಿಂದ ನೀಲವ್ವಗ ಇದ ನೀರು ಹಾಕಾಕತ್ತೇನಿ. ನಿಮ್ಮ ಒಲ್ಯಾಗ ಮದಲ ಕಲ್ಲು ಕಾದು, ಆಮ್ಯಾಲ ಹಂಡೆ ಕಾದು, ಆಮ್ಯಾಲ ನೀರು ಕಾಯೂದ್ರಾಗ ಈ ಕೂಸು ಸಾಲಿಗಿ ಬರ್ತೈತಿ!"

"ಮತ್ತ ನನಗ್ಯಾಕ ಯಾರೂ ಹೇಳಲಿಲ್ಲ?"

"ನಿಮ್ಮಾಕಿನ ಬ್ಯಾಡಂದ್ಲು. ಮಾಸ್ತರು ಅಷ್ಟ ಆಸೆಪಟ್ಟು ಹೌಸಿಲೆ ಮಾಡಿಸ್ಯಾರ, ಇರಲಿ ಬಿಡು ಅಂದ್ಲು."

ಮಗಳ ಮೈಗೆ ಥಂಡಿ ಹೊಕ್ಕಿಲ್ಲವೆಂದು ಕೇಳಿ ಕಣ್ಣಲ್ಲಿ ನೀರು ಬಂತು. ಆದರೆ ಮನುಷ್ಯನ ಮಾನ ಎಂಬುದೊಂದು ಇದೆಯಲ್ಲ, ಅದು ಆ ನೀರನ್ನೂ ಒರೆಸಿಬಿಟ್ಟಿತು. ಹಿತ್ತಲದಲ್ಲಿ ಏನೂ ಕಾಣದವನಂತೆ ಕುಳ್ಳು ಹೊತ್ತುಕೊಂಡು ಒಳಗೆ ಬಂದೆ. ಮರುದಿನವೂ ನನ್ನ ಒಲೆಯ ಉಗುರುಬೆಚ್ಚಗಿನ ನೀರನ್ನೇ ಮೈಮೇಲೆ ಸುರಿದುಕೊಂಡು, ಹಲ್ಲು ಕಟಕಟಿಸುತ್ತ ಲಿಂಗಪೂಜೆಗೆ ಕೂತೆ. ಹೀಗೆ ಒಂದು ವಾರ ನಡೆಯಿತು.

ಹದಿಮೂರನೆಯ ದಿನ ಕೂಸಿಗೆ ಹೆಸರಿಡಲು ಬೀಗರು ಬಂದರು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದವರು ಒಲೆಯ ಮುಂದೆ ನಿಂತೇಬಿಟ್ಟರು. "ಏನ್ ಮಾಸ್ತರ, ಇದು ಒಲಿಯೋ, ಗುಡಿಯೋ? ಇಂಥಾದ್ದೊಂದು ನಮ್ಮ ಮನಿಗೂ ಮಾಡಸ್ರೆಲಾ. ನೀಲವ್ವ ಬರೂದ್ರಾಗ ತಯಾರಾಗ್ಲಿ" ಎಂದರು. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಅದಕ್ಕೇನಂತೆ ಎನ್ನಲು ಬಾಯಿ ತೆರೆದೆ. ಬಾಗಿಲಲ್ಲಿ ನೀಲವ್ವ ಕೂಸನ್ನೆತ್ತಿಕೊಂಡು ನಿಂತಿದ್ದಳು. ಮಾವನ ಮುಂದೆ ಮಾತಾಡುವಂತಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು. ಇಳಕಲ್ಲಿನ ಆ ದೊಡ್ಡ ಮನೆಯಲ್ಲಿ ಪ್ರತಿ ಚಳಿಗಾಲವೂ ಅವಳು ಇಂಥದೇ ಒಲೆಯ ಮುಂದೆ ಊದುಕೊಳವೆ ಹಿಡಿದು ಕೂರುವುದು ಕಣ್ಣಿಗೆ ಕಟ್ಟಿತು.

"ಬ್ಯಾಡ್ರಿ ಬೀಗರ," ಎಂದೆ. "ಇದರಾಗ ನೀರು ಕಾಯಂಗಿಲ್ಲ."

ಬೀಗರ ಮುಖ ಗಂಭೀರವಾಯಿತು. "ಮತ್ತ ಬಾಣಂತಿಗಿ ನೀರು?"

"ಬರ್ರಿ ಹಿತ್ತಲಕ, ಕೈ ಹಾಕಿ ನೋಡ್ರಿ!" ಎಂದು ಹುಸೇನಬಿ ಅಲ್ಲಿಂದಲೇ ಕೂಗಿದಳು. ಬೀಗರು ಹೋದರು, ನಿಜವಾಗಿಯೂ ಕೈ ಹಾಕಿದರು, ಬೆರಳಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ ನಗುತ್ತ ಬಂದರು.

ಮರುದಿನ ಬೆಳಿಗ್ಗೆ ಎಂದಿನಂತೆ ಮೈ ಬಿಗಿಹಿಡಿದು ಕಣ್ಣು ಮುಚ್ಚಿ, ನಮ್ಮಾಕೆ ಮುಂದಿಟ್ಟಿದ್ದ ಕೊಡದಿಂದ ಮೊದಲ ತಂಬಿಗೆ ಸುರಿದುಕೊಂಡೆ. ಬೆನ್ನು ಸುಟ್ಟೇಹೋಯಿತು. ಹಿತ್ತಲದ ಗಡಿಗೆಯ ನೀರು! "ಅಯ್ಯಯ್ಯೋ! ತಣ್ಣೀರು ತಾರೇ!" ಎಂದು ಅರಚಿದೆ.

ಹೊರಗಿನಿಂದ ನಮ್ಮಾಕೆಯ ಸಮಾಧಾನದ ದನಿ ಬಂತು: "ತಣ್ಣೀರು ಬೇಕೇನ್ರಿ? ಅಲ್ಲೇ ನಿಮ್ಮ ಒಲಿ ಮ್ಯಾಲ ಹಂಡೆ ತುಂಬ ಐತಿ ನೋಡ್ರಿ. ನಸುಕಿನಿಂದ ಉರಿ ಹಚ್ಚೇನಿ."