ಅಡುಗೆಮನೆಗೂ ಕಾಣುವ ಟಿವಿ

ಬೇರೆಯವರ ಮನೆಗೆ ಸಾಮಾನು ಬರುತ್ತದೆ, ಇಟ್ಟುಕೊಳ್ಳುತ್ತಾರೆ, ಮುಗಿಯಿತು. ನಮ್ಮ ಮನೆಗೆ ಒಂದು ಸೌಟು ಬಂದರೂ ಅದರ ಬೆನ್ನಿಗೆ ನಾಲ್ಕು ಪ್ರಸಂಗ ಬರುತ್ತವೆ. ಇನ್ನು ಟಿವಿ ತರುವುದೆಂದರೆ ಕೇಳಬೇಕೆ?

ಸತ್ತು ಬದುಕಿದ ಸೊಸೆ

ಗಜೇಂದ್ರಗಡದ ನಮ್ಮ ಮನೆಯ ಪಡಸಾಲೆಯನ್ನೆಲ್ಲ ಮಗ್ಗವೇ ನುಂಗಿದೆ. ನಮ್ಮ ಮನೆಯವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಾರೆ. ಅವರ ಎಡಗಡೆ ಗೋಡೆಯಲ್ಲಿ ಟಿವಿ, ಬಲಗಡೆ ಅಡುಗೆಮನೆಯ ಬಾಗಿಲು. ಬಾಗಿಲಿನಾಚೆ ದೂರದಲ್ಲಿ ಒಲೆ, ಒಲೆಯ ಮುಂದೆ ನಾನು. ಹಳೆಯ ಟಿವಿ ಬಹಳ ಚಿಕ್ಕದು. ಪಕ್ಕದಲ್ಲೇ ಕೂತ ಅವರಿಗೆ ಚೆನ್ನಾಗಿ ಕಾಣುತ್ತಿತ್ತು. ರೊಟ್ಟಿ ಬಡಿಯುವ ನನಗೆ ಅತ್ತೆ ಯಾರು, ಸೊಸೆ ಯಾರು ಎಂಬುದೇ ತಿಳಿಯುತ್ತಿರಲಿಲ್ಲ. ಹೀಗಾಗಿ ಧಾರಾವಾಹಿ ನೋಡುವವರು ಅವರು, "ಈಗ ಏನಾತ್ರಿ?" ಎಂದು ಕೇಳುವವಳು ನಾನು.

ಒಂದು ಸಂಜೆ ಹೇಳಿ ಹೇಳಿ ಸಾಕಾಯಿತೇನೋ, "ಆ ಸೊಸಿ ಸತ್ಲು" ಅಂದುಬಿಟ್ಟರು. ನಾನು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾಯಿತು. ಮರುದಿನ ಪಕ್ಕದ ಮನೆಗೆ ಮೊಸರು ಕೇಳಲು ಹೋದರೆ, ಅವರ ಟಿವಿಯಲ್ಲಿ ಅದೇ ಸೊಸೆ ಆರಾಮಾಗಿ ಹೋಳಿಗೆ ತಿನ್ನುತ್ತಿದ್ದಳು. ಮನೆಗೆ ಬಂದು ತರಾಟೆಗೆ ತೆಗೆದುಕೊಂಡೆ. "ಆಕಿ ಸತ್ರ ನೀ ಕೇಳೂದು ಬಿಡ್ತಿ ಅನ್ಕೊಂಡಿದ್ದೆ" ಅಂದರು. ಒಲೆಯ ಮುಂದೆ ಕೂತು ನನ್ನ ಕಣ್ಣಿನಿಂದಲೇ ನೋಡುವಂಥ ಟಿವಿ ತಂದೇ ತರಬೇಕೆಂದು ಅವತ್ತೇ ಹಟ ಹಿಡಿದೆ.

ಬಸ್ಸು ಸರಿಸಿ

ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯವರು ಒಂದೇ ದರದ ಎರಡು ಟಿವಿ ಹಚ್ಚಿ ತೋರಿಸಿದರು. ಒಂದು ನಲವತ್ಮೂರು ಇಂಚಿನ ಫೋರ್ ಕೆ, ಚಿತ್ರದ ಚುಕ್ಕಿ ಬಲು ಸಣ್ಣ. ಇನ್ನೊಂದು ಐವತ್ತು ಇಂಚು, ಆದರೆ ಬರೀ ಫುಲ್ ಎಚ್‌ಡಿ, ಚುಕ್ಕಿ ಕೊಂಚ ದಪ್ಪ. ದೂರ ಕೂತರೆ ದೊಡ್ಡದು, ಹತ್ತಿರ ಕೂತರೆ ಫೋರ್ ಕೆ ತಗೊಳ್ಳಿ ಎಂದರು. ಒಬ್ಬರು ಹತ್ತಿರ, ಒಬ್ಬರು ದೂರ ಕೂರುವ ಮನೆಗೆ ಯಾವುದೆಂದು ಕೇಳಿದರೆ ತಲೆ ಕೆರೆದುಕೊಂಡರು.

ನಮ್ಮವರು ದೊಡ್ಡ ಟಿವಿಗೆ ಮೂಗು ತಾಗಿಸಿ ನೋಡಿ, ಎಳೆ ದಪ್ಪ ಇದೆ ಎಂದರು. ಆಮೇಲೆ ಫೋರ್ ಕೆ ಟಿವಿಯನ್ನು ತಿರುವಲು ಹೋದರು. ಅಂಗಡಿಯವರು ಗಾಬರಿಯಾಗಿ ಅಡ್ಡ ಬಂದರು. ಸೀರೆಯ ಮುಂಭಾಗ ಎಲ್ಲರದೂ ಚಂದ, ನೇಯ್ದವನ ಕೈ ಗೊತ್ತಾಗುವುದು ಹಿಂಭಾಗದಲ್ಲಿ ಎಂದು ಇವರ ವಾದ. ಕೊನೆಗೂ ಬಗ್ಗಿ ಹಿಂದೆ ನೋಡಿದವರು, "ಇದರಾಗ ಬುಟ್ಟಾದ ಹೂವು ಹಿಂದ ಬಂದ ಇಲ್ಲಲ್ರಿ" ಎಂದು ಮುಖ ಸಿಂಡರಿಸಿದರು.

ನನಗೆ ಹಿಂದುಮುಂದಿನ ಗೊಡವೆ ಇರಲಿಲ್ಲ. ಒಲೆಯಷ್ಟು ದೂರದಿಂದ ಕಾಣಬೇಕು, ಅಷ್ಟೇ. ಹಿಂದೆ ಹಿಂದೆ ಸರಿದೆ. ಅಂಗಡಿ ಮುಗಿಯಿತು, ಮೆಟ್ಟಿಲು ಮುಗಿಯಿತು, ರಸ್ತೆ ದಾಟಿ ನಿಂತೆ. ದೊಡ್ಡದರಲ್ಲಿ ಹೆಂಗಸಿನ ಮೂಗುತಿ ಕೂಡ ಕಾಣುತ್ತಿತ್ತು. ಅಷ್ಟರಲ್ಲಿ ರೋಣದ ಬಸ್ಸು ಬಂದು ನಡುವೆ ನಿಂತಿತು. ಕಂಡಕ್ಟರ್ ಇಳಿದು, "ಅಕ್ಕಾರ, ರೋಣಕ್ಕೇನು? ಹತ್ರಿ ಲಗೂ" ಎಂದ.

"ರೋಣಕ್ಕಲ್ರಿ, ನಾ ಟಿವಿ ನೋಡಾಕತ್ತೀನಿ. ನಿಮ್ಮ ಬಸ್ ಒಂಚೂರು ಮುಂದ ತಗೋರಿ" ಎಂದೆ.

ಪನ್ನಾ ಕಡಿಮೆ

ಹಿಂದೆ ಬುಟ್ಟಾ ಇಲ್ಲದಿದ್ದರೂ ಎಳೆ ಸಣ್ಣ, ಫೋರ್ ಕೆಯೇ ಆಗಬೇಕೆಂದು ಅವರು, ಐವತ್ತೇ ಆಗಬೇಕೆಂದು ನಾನು. ಬಾಯಿಮಾತಿಗೆ ಜಗ್ಗುವವರಲ್ಲ ಅವರು. ಎರಡು ಹೊತ್ತು ಪೂರಿಯಷ್ಟಗಲದ ರೊಟ್ಟಿ ಬಡಿದು ಹಾಕಿದೆ. ಇದೇನು ಎಂದರೆ, "ಫೋರ್ ಕೆ ರೊಟ್ಟಿರಿ. ಸಣ್ಣದು, ಆದ್ರ ಭಾಳ ನಾಜೂಕು" ಎಂದೆ. ಮೂರನೆಯ ಹೊತ್ತಿಗೆ ಐವತ್ತು ಇಂಚಿಗೆ ಒಪ್ಪಿದರು.

ಟಿವಿ ಬಂತು, ಗೋಡೆ ಹತ್ತಿತು. ಇವರು ಟೇಪು ತಂದು ಅಡ್ಡಗಲ ಅಳೆದರು. ನಲವತ್ನಾಲ್ಕೂ ತುಂಬಲಿಲ್ಲ. ಪನ್ನಾ ಎಂದರೆ ಬಟ್ಟೆಯ ಅಗಲ; ನೇಕಾರನಿಗೆ ಐವತ್ತು ಇಂಚು ಪನ್ನಾ ಎಂದರೆ ಅಂಚಿನಿಂದ ಅಂಚಿಗೆ ಐವತ್ತು. ಟೇಪು ಹಿಡಿದೇ ಅಂಗಡಿಗೆ ನಡೆದರು, ಹಿಂದೆ ನಾನು. ಅಂಗಡಿಯವರು ನಗುತ್ತ ಇನ್ನೊಂದು ಟಿವಿಗೆ ಟೇಪನ್ನು ಓರೆಯಾಗಿ ಹಿಡಿದು, ಮೂಲೆಯಿಂದ ಮೂಲೆಗೆ ಐವತ್ತು ತೋರಿಸಿದರು.

ಇವರು ಟೇಪು ಸುತ್ತುತ್ತ, "ಆತ್ರಿ. ಈ ಸಲ ನಿಮ್ಮ ಮನಿಯವ್ರ ಸೀರಿನೂ ಮೂಲಿಯಿಂದ ಮೂಲಿಗೇ ಅಳದು ಕೊಡ್ತೀನಿ" ಎಂದರು.

ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಪನ್ನಾ ಮೋಸದ್ದು, ಎಳೆ ದಪ್ಪ, ಆ ಟಿವಿಯ ಕಡೆ ತಾವು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಆಣೆ ಹಾಕಿದರು. ನಾನು ಒಲೆಯ ಮುಂದೆ ಕೂತು ಒಬ್ಬಳೇ ರಾಣಿಯ ಹಾಗೆ ಧಾರಾವಾಹಿ ನೋಡತೊಡಗಿದೆ.

ಹೊಸ ನೋಟ

ನಾಲ್ಕು ದಿನದಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು. ನಮ್ಮವರು ಟಿವಿಗೆ ಬೆನ್ನು ತಿರುಗಿಸಿ, ಲಾಳಿ ಹೊಡೆಯುವುದನ್ನೂ ಬಿಟ್ಟು, ಅಡುಗೆಮನೆಯ ಬಾಗಿಲ ಕಡೆಯೇ ನೋಡುತ್ತ ಕೂರುತ್ತಿದ್ದರು. ಮುಖದಲ್ಲಿ ಒಮ್ಮೆ ನಗು, ಒಮ್ಮೆ ಚಿಂತೆ. ಮದುವೆಯಾದ ಹೊಸದರಲ್ಲೂ ಈ ಮನುಷ್ಯ ನನ್ನನ್ನು ಹೀಗೆ ನೋಡಿದ್ದಿಲ್ಲ. ಪಾಪ, ಟಿವಿಯೂ ಇಲ್ಲ, ನನ್ನ ಮಾತೂ ಇಲ್ಲ, ಈಗಲಾದರೂ ಹೆಂಡತಿಯ ಬೆಲೆ ತಿಳಿಯಿತು ಎಂದುಕೊಂಡೆ. ಖರೇ ಹೇಳುತ್ತೇನೆ, ಈ ವಯಸ್ಸಿನಲ್ಲಿ ನಾಚಿಕೆಯಾಯಿತು, ಖುಷಿಯೂ ಆಯಿತು. ಚಹಾಕ್ಕೆ ಸಕ್ಕರೆ ಹೆಚ್ಚಾಯಿತು, ಸಂಜೆಗೆ ಮುಡಿಗೆ ಮಲ್ಲಿಗೆ ಏರಿತು.

ಒಂದು ಸಂಜೆ ಧೈರ್ಯ ಮಾಡಿ, ಟಿವಿಯನ್ನು ಕ್ರಿಕೆಟ್ ಮ್ಯಾಚಿಗೆ ಬಿಟ್ಟು, ಚಹಾ ಹಿಡಿದು ಬಾಗಿಲ ಪಕ್ಕ ಅವರ ನೋಟಕ್ಕೆ ಸರಿಯಾಗಿ ನಿಂತೆ. "ಯಾಕ್ರಿ, ಹಿಂಗ ನೋಡಾಕತ್ತೀರಿ?" ಎಂದು ಮೆಲ್ಲಗೆ ಕೇಳಿದೆ.

"ಸ್ವಲ್ಪ ಸರಿ" ಅಂದರು. "ಇನ್ನ ಮೂರು ಬಾಲ್ ಅದಾವ."

ತಿರುಗಿ ನೋಡಿದೆ. ಬಾಗಿಲ ಪಕ್ಕದ ಗೋಡೆಯಲ್ಲಿ ತಲೆ ಬಾಚಿಕೊಳ್ಳುವ ಕನ್ನಡಿ ಮೊದಲಿನಿಂದಲೂ ಇದೆ. ಅದನ್ನು ಯಾವಾಗಲೋ ಟಿವಿಯ ಕಡೆ ವಾಲಿಸಿದ್ದರು. ಅದರಲ್ಲಿ ಪೂರಾ ಮೈದಾನವೇ ಇತ್ತು, ಚುಕ್ಕಿಯ ಸುಳಿವಿಲ್ಲ. ಬಲಗೈ ಬ್ಯಾಟ್ಸ್‌ಮನ್ನು ಎಡಗೈಯಿಂದ ಆಡುತ್ತಿದ್ದ. ಆಣೆ ಏನಾಯಿತು ಎಂದೆ.

"ಟಿವಿ ನೋಡಾಂಗಿಲ್ಲ ಅಂತ ಆಣಿ ಮಾಡೀನಿ" ಅಂದರು, ರೆಪ್ಪೆ ಬಡಿಯದೆ. "ಕನ್ನಡಿ ನೋಡಾಂಗಿಲ್ಲ ಅಂದೀನೇನು?"

ನಾನೇನು ಬಿಡುವವಳೇ? ಚಹಾದ ಕಪ್ಪನ್ನು ಮಗ್ಗದ ಕಟ್ಟೆಯ ಮೇಲಿಟ್ಟು, ಬಾಚಣಿಗೆ ತಗೊಂಡು, ಕನ್ನಡಿಯ ಮುಂದೆ ಸರಿಯಾಗಿ ನಿಂತು ಜಡೆ ಬಿಚ್ಚಿದೆ. ಮ್ಯಾಚು ಮುಗಿಯುವ ತನಕ ಹೆಣೆದೆ.